ಅಪ್‌ಡೇಟ್: ಟಗರು ತಂದಾಯ್ತು, ಮರಿಗಳೂ ಬಂದವು

ಹೋದ ಶ್ರಾವಣದಲ್ಲಿ ಇಲ್ಲಿ ಕೇಳಿದ್ದೆ. ಶಿಕಾರಿಪುರದ ಕಡೆ ನಮ್ಮ 22 ಕುರಿಗಳಿಗೆ ರಾಯಚೂರು ಗುಡ್ಡದ ಕೆಂಗುರಿ ತಳಿಯ ಟಗರು ತರಬಹುದಾ, ಹೇಗೆ ಆರಿಸಲಿ ಅಂತ. ಕೋಡು, ಗಾತ್ರ ನೋಡಿ ಮರುಳಾಗಬೇಡ, ಹಿಂದಿನಿಂದ ನಡಿಗೆ ನೋಡು ಅಂದಿದ್ದಿರಿ. ಆ ಮಾತೇ ನನ್ನನ್ನು ಉಳಿಸಿತು.

ಸಂತೆಯಲ್ಲಿ ಎಲ್ಲರೂ ಮುಗಿಬಿದ್ದಿದ್ದ ದೊಡ್ಡ ಟಗರನ್ನು ಹಿಂದಿನಿಂದ ನೋಡಿದರೆ ಒಂದು ಬೀಜ ಸಣ್ಣದಿತ್ತು, ಮುಟ್ಟಿದರೆ ಗಂಟು. ಬಿಟ್ಟೆ. ನಾಲ್ಕು ಹಲ್ಲಿನ (ಅಂದರೆ ಸುಮಾರು ಎರಡು ವರ್ಷದ), ನೋಡಲು ಸಾಧಾರಣವಾದ ಒಂದನ್ನು ತಂದೆ. ಎರಡೂ ಬೀಜ ಸಮ, ಗಟ್ಟಿ. ಮೇಲಿನ ವಸಡಿಗೆ ಕೆಳಹಲ್ಲು ಸರಿಯಾಗಿ ಕೂರುತ್ತಿತ್ತು. ರೋಗ ಇದ್ದರೆ ಗೊತ್ತಾಗಲಿ ಅಂತ ಮೂರು ವಾರ ಬೇರೆ ಕಟ್ಟಿದೆ.

ಟಗರಿನ ಎದೆಗೆ ಕೆಮ್ಮಣ್ಣು, ಎಣ್ಣೆ ಕಲಸಿ ಹಚ್ಚಿ ಕುರಿಗಳ ಜೊತೆ ಬಿಟ್ಟೆ. ಹಾರಿದ ಕುರಿಯ ಬೆನ್ನ ಮೇಲೆ ಗುರುತು ಬೀಳುತ್ತೆ. ಗಬ್ಬ ನಿಲ್ಲದ ಕುರಿ ಸುಮಾರು 17 ದಿನಕ್ಕೆ ಮತ್ತೆ ಬೆದೆಗೆ ಬರುತ್ತೆ, ಅದಕ್ಕೆ 17 ದಿನಕ್ಕೆ ಬಣ್ಣ ಬದಲಿಸಿ ನೀಲಿ ಹಚ್ಚಿದೆ. ಬೆದೆ ತಿರುಗಿ ಬಂದವು ಐದೇ! ಅವತ್ತು ರಾತ್ರಿ ನಿದ್ದೆಯೇ ಬರಲಿಲ್ಲ, ಅಷ್ಟು ಖುಷಿ.

ಸುಮಾರು 150 ದಿನಕ್ಕೆ, ಶಿವರಾತ್ರಿ ಆಸುಪಾಸಿನಲ್ಲಿ ಮರಿ ಶುರು. 20 ಕುರಿ ಈದವು, ಎರಡಕ್ಕೆ ಅವಳಿ. ಒಂದು ಮರಿ ಉಳಿಯಲಿಲ್ಲ, ಇನ್ನೂ ಸಂಕಟ ಆಗುತ್ತೆ.

ಒಣನಾಡಿನ ಟಗರು ಅಲ್ವಾ, ನಮ್ಮ ಮಳೆಗೆ ಗೊರಸು ಮೆತ್ತಗಾಗಿ ಕುಂಟಿತು. ಗೊರಸು ಕತ್ತರಿಸಿ, ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಿನಲ್ಲಿ ನಿಲ್ಲಿಸುತ್ತಿದ್ದೇನೆ. ಕೊಟ್ಟಿಗೆಗೆ ಅಡಿಕೆ ದಬ್ಬೆಯ ಅಟ್ಟಣೆ ಹಾಕಿಸಿದ್ದೇನೆ, ಈಗ ಜಾಸ್ತಿ ಕುಂಟುತ್ತಿಲ್ಲ. ಅಪ್ಪನೇ ಮಗಳನ್ನು ಹಾರಬಾರದಲ್ಲ, ಈ ಟಗರಿನ ಹೆಣ್ಣುಮರಿಗಳು ಬೆದೆಗೆ ಬರುವ ಮೊದಲು ಅದನ್ನು ಬದಲಿಸುತ್ತೇನೆ.