ಕಾರ್ಬನ್ ದೋಟಿಗೆ ಕರೆಂಟ್ ಹೊಡೆಯುವುದಿಲ್ಲ ಎನ್ನುವುದು ನಿಜವೇ?

ತೋಟದವಳು, ಸಂತೆಬೆನ್ನೂರು ಹತ್ತಿರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರು ಅಡಿಕೆ ಕೊಯ್ಯುವ ತಂಡದಲ್ಲಿದ್ದಾರೆ. ಮರ ಹತ್ತುವವರು ಸಿಗುವುದಿಲ್ಲವೆಂದು ತಂಡದವರೆಲ್ಲ ಸೇರಿ ಈ ಹಂಗಾಮಿಗೆ 60 ಅಡಿಯ ಕಾರ್ಬನ್ ಫೈಬರ್ ದೋಟಿ ಕೊಂಡಿದ್ದಾರೆ. ಮಾರಿದವನು, "ಇದು ಅಲ್ಯೂಮಿನಿಯಂ ಅಲ್ಲ, ತಂತಿಗೆ ತಾಗಿದರೂ ಕರೆಂಟ್ ಹೊಡೆಯುವುದಿಲ್ಲ" ಎಂದು ಹೇಳಿ ಕಳುಹಿಸಿದ್ದಾನೆ. ಮುಂದಿನ ವಾರ ಕೊಯ್ಯಬೇಕಾದ ತೋಟದ ಒಂದು ಮೂಲೆಯ ಮೇಲೆ 11 ಕೆವಿ ಲೈನ್ ಹಾದುಹೋಗಿದೆ. ತೋಟದ ಯಜಮಾನರು, "ಲೈನ್ ಪಕ್ಕದ ಎರಡು ಸಾಲು ಬಿಡಿ, ಉಳಿದದ್ದು ಕೊಯ್ಯಿರಿ" ಎಂದಿದ್ದಾರೆ. ತಂಡದವರು ಅದಕ್ಕೂ ಒಪ್ಪದೆ, ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟ್ ಹೋದ ಮೇಲೆ ಆ ಎರಡು ಸಾಲನ್ನೂ ಮುಗಿಸಿಬಿಡುವ ಯೋಚನೆಯಲ್ಲಿದ್ದಾರೆ. ಬೇಕಿದ್ದರೆ ರಬ್ಬರ್ ಕೈಗವಸು ಹಾಕಿಕೊಳ್ಳುತ್ತಾರಂತೆ.

ನಾನು ಬಾಯಿ ಬಿಟ್ಟರೆ, "ನೀನು ಅಡಿಕೆ ಸುಲಿಯುವುದು ನೋಡು" ಎನ್ನುತ್ತಾರೆ. ತಿಳಿದವರು ಬರೆದರೆ ಮೊಬೈಲಿನಲ್ಲಿ ಅದನ್ನೇ ತೋರಿಸುತ್ತೇನೆ. ನನ್ನ ಮಾತಿಗಿಂತ ಹೊರಗಿನವರ ಮಾತಿಗೆ ಬೆಲೆ ಜಾಸ್ತಿ.

ನಿವೃತ್ತ ಲೈನ್‌ಮನ್, ಚನ್ನಗಿರಿ

ತಂಗಿ, ನಿನ್ನ ಯಜಮಾನರಿಗೇ ಹೇಳುತ್ತಿದ್ದೇನೆ ಎಂದುಕೊಂಡು ಬರೆಯುತ್ತೇನೆ.

ಮಾರಿದವನು ಹೇಳಿದ್ದು ಶುದ್ಧ ಸುಳ್ಳು. ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ. ನಂಬಿಕೆ ಬಾರದಿದ್ದರೆ ಹಳೆಯ ಟಾರ್ಚ್ ಸೆಲ್ ಒಡೆದು ನೋಡಿ. ನಡುವೆ ಇರುವ ಕಪ್ಪು ಕಡ್ಡಿ ಕಾರ್ಬನ್ನೇ. ಸೆಲ್ಲಿನೊಳಗಿನ ಕರೆಂಟು ಬಲ್ಬಿಗೆ ಬರುವುದು ಆ ಕಡ್ಡಿಯ ಮೂಲಕ. ಅಲ್ಯೂಮಿನಿಯಂನಷ್ಟು ಸಲೀಸಾಗಿ ಹರಿಯದು ಎಂದು ಯಾರಾದರೂ ವಾದಿಸಿದರೆ ಒಪ್ಪುತ್ತೇನೆ. ಆದರೆ ಮನೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟ್, ಆ ತಂತಿಯಲ್ಲಿರುವುದು 11,000. ಅಲ್ಲಿ ಹೆಚ್ಚು ಕಡಿಮೆಯ ಮಾತಿಗೆ ಅರ್ಥವಿಲ್ಲ. ಕರೆಂಟನ್ನು ತಡೆಯುವುದು ಫೈಬರ್ ಗ್ಲಾಸ್. ಕೆಲವು ದೋಟಿಗಳಲ್ಲಿ ಕೈ ಹಿಡಿಯುವ ಬುಡಭಾಗವನ್ನು ಮಾತ್ರ ಅದರಿಂದ ಮಾಡಿರುತ್ತಾರೆ. ಅದನ್ನು ನಂಬಬೇಕೆಂದರೆ ಅದು ಒಣಗಿರಬೇಕು, ಸ್ವಚ್ಛವಾಗಿರಬೇಕು. ಬೆಳಗಿನ ಇಬ್ಬನಿ, ಗೊನೆಯಿಂದ ಇಳಿಯುವ ನೀರು, ಬೆವರು, ಕೆಸರು, ಇಷ್ಟೆಲ್ಲ ಮೆತ್ತಿಕೊಂಡ ದೋಟಿಯನ್ನು ನಾನಂತೂ ನಂಬುವುದಿಲ್ಲ.

ಈಗ ಎರಡು ಸಾಲಿನ ಲೆಕ್ಕ. ಅಡಿಕೆ ಸಾಲುಗಳ ನಡುವೆ ಸಾಮಾನ್ಯವಾಗಿ 9 ಅಡಿ ಅಂತರ. ಎರಡು ಸಾಲಿಗೆ 18 ಅಡಿ ಆಯಿತು. ನಿಮ್ಮ ದೋಟಿ 60 ಅಡಿ! ಲೈನು ನೆಲದಿಂದ 20 ಅಡಿ ಮೇಲಿದೆ ಎಂದುಕೊಳ್ಳೋಣ. 55 ಅಡಿ ದೂರದಲ್ಲಿ ನಿಂತವನ ದೋಟಿ ಕೈತಪ್ಪಿ ವಾಲಿದರೂ ತಂತಿಗೆ ತಾಗುತ್ತದೆ. ತಾಗುವ ತನಕ ಹೋಗುವುದೂ ಬೇಡ, ಕನಿಷ್ಠ 10 ಅಡಿ ಅಂತರ ಇರಲಿ. ಅಲ್ಲಿಗೆ ಎಂಟು ಸಾಲು ಆಯಿತು. ನಡುವಿನ ಮರಗಳು ದೋಟಿಯನ್ನು ತಡೆಯುತ್ತವೆ ಎನ್ನುವವರಿದ್ದಾರೆ. ಸೋಗೆಗಳ ಸಂದಿಯಲ್ಲಿ ದೋಟಿ ಜಾರಿಕೊಂಡು ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಮಾತು. ಗೊನೆ ಕೊಯ್ಯುವಾಗ ಎಲ್ಲರ ಕಣ್ಣು ಮೇಲೆಯೇ ಇರುತ್ತದೆ, ತಂತಿ ಕಾಣುತ್ತದೆ. ಮರದಿಂದ ಮರಕ್ಕೆ ಹೋಗುವಾಗ ದೋಟಿಯನ್ನು ಇಳಿಸದೆ ನೆಟ್ಟಗೆ ಹಿಡಿದುಕೊಂಡೇ ನಡೆಯುತ್ತಾರೆ. ಆಗ ಕಣ್ಣು ಕಾಲಡಿಯ ಬಸಿಗಾಲುವೆಯ ಮೇಲಿರುತ್ತದೆ. ಕಾಲು ಜಾರಿದರೆ ದೋಟಿ ಯಾವ ಕಡೆಗೆ ವಾಲುತ್ತದೆ ಎನ್ನುವುದು ಯಾರ ಕೈಯಲ್ಲೂ ಇಲ್ಲ. ಪ್ರತಿ ಮರಕ್ಕೂ ದೋಟಿ ಇಳಿಸಿ ಏರಿಸಲು ಬೇಸರವಾದರೆ ಲೈನ್ ಇರುವ ತೋಟವನ್ನು ಒಪ್ಪಿಕೊಳ್ಳಲೇಬೇಡಿ.

ತ್ರೀ ಫೇಸ್ ವಿಷಯ. ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ತ್ರೀ ಫೇಸ್ ಕೊಡುತ್ತಾರೆ. ಉಳಿದ ಹೊತ್ತಿನಲ್ಲಿ ಎಷ್ಟೋ ಕಡೆ ಅದೇ ತಂತಿಗಳಲ್ಲಿ ಸಿಂಗಲ್ ಫೇಸ್ ಹರಿಯುತ್ತಿರುತ್ತದೆ. ಮೋಟಾರ್ ನಿಂತಿತೆಂದರೆ ತಂತಿ ಸತ್ತಿತೆಂದು ಅಲ್ಲ. ಪೂರ್ತಿ ಹೋಗಿದ್ದರೂ ಯಾವ ಗಳಿಗೆಯಲ್ಲಿ ಬರುತ್ತದೆ ಎಂದು ನಿಮಗೆ ಯಾರೂ ಫೋನ್ ಮಾಡಿ ಹೇಳುವುದಿಲ್ಲ. ನಾವು ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ (ಲೈನ್ ಬಂದ್ ಮಾಡಿದ್ದೇವೆ, ಕೆಲಸ ಮಾಡಬಹುದು ಎಂಬ ಒಪ್ಪಿಗೆ) ಪಡೆದು, ಮೂರೂ ತಂತಿಗಳನ್ನು ಅರ್ತ್ ಮಾಡಿದ ಮೇಲೆಯೇ ಕೈ ಹಾಕುತ್ತಿದ್ದೆವು. ಅಷ್ಟು ಮಾಡದ ತಂತಿಯಲ್ಲಿ ಕರೆಂಟ್ ಇದೆ ಎಂದೇ ತಿಳಿಯಬೇಕು.

ಕೈಗವಸು: ಅಂಗಡಿಯಲ್ಲಿ ಸಿಗುವುದು ಪಾತ್ರೆ ತೊಳೆಯುವುದಕ್ಕೆ ಸರಿ.

ಖೇಣಿದಾರ, ಭೀಮಸಮುದ್ರ

ಲೈನ್‌ಮನ್ ಅಣ್ಣನವರ ಮಾತಿಗೆ ಎದುರಾಡುವುದಿಲ್ಲ. ಆದರೆ ಎಂಟು ಸಾಲು ಬಿಡಿ ಎಂದರೆ ಅರ್ಧ ಎಕರೆಯ ಪಟ್ಟಿಯಲ್ಲಿ ಕೊಯ್ಯುವುದಕ್ಕೆ ಏನೂ ಉಳಿಯುವುದಿಲ್ಲ. ತೊಂದರೆ ಶುರುವಾಗುವುದು ಖೇಣಿ, ಅಂದರೆ ಮರದ ಮೇಲಿನ ಫಸಲಿನ ಗುತ್ತಿಗೆ, ಮಾತಾಡುವಾಗಲೇ. ಇಡೀ ತೋಟಕ್ಕೆ ಒಂದೇ ದರ ಆಡಿಬಿಟ್ಟರೆ, ಬಿಟ್ಟ ಪ್ರತಿ ಮರವೂ ಖೇಣಿದಾರನಿಗೆ ನಷ್ಟ. ಅವನು ತಂಡದವರನ್ನು ಅವಸರ ಮಾಡುತ್ತಾನೆ, ತಂಡದವರು ತಂತಿಯ ಕೆಳಗೆ ನುಗ್ಗುತ್ತಾರೆ. ನಾನು ಮೊದಲೇ ಯಜಮಾನರ ಜೊತೆ ತೋಟ ಸುತ್ತಿ, ಲೈನಿನ ಎರಡೂ ಕಡೆಯ ಮರಗಳಿಗೆ ಗೊಬ್ಬರದ ಚೀಲದ ಪಟ್ಟಿ ಕಟ್ಟಿಸುತ್ತೇನೆ. ಅವುಗಳ ಲೆಕ್ಕವೇ ಬೇರೆ. ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಅರ್ಜಿ ಕೊಟ್ಟು, ಲೈನ್ ಕ್ಲಿಯರ್ ಸಿಕ್ಕ ದಿನ ಅವುಗಳನ್ನು ಒಟ್ಟಿಗೆ ಕೊಯ್ಯುತ್ತೇವೆ. ಅಕ್ಕಪಕ್ಕದ ತೋಟದವರನ್ನೂ ಅರ್ಜಿಗೆ ಸೇರಿಸಿಕೊಂಡರೆ ಕಚೇರಿಯಲ್ಲಿ ಕೆಲಸ ಬೇಗ ಆಗುತ್ತದೆ.

ದೋಟಿ ಬಿಟ್ಟು ಹತ್ತಿ ಕೊಯ್ದರಾಯಿತು ಎನ್ನುವವರಿಗೆ: ಲೈನ್ ಪಕ್ಕದ ಮರ ಬಾಗಿ ಸೋಗೆ ತಂತಿಗೆ ತಾಗಿದರೆ ಮರದಲ್ಲಿದ್ದವನ ಗತಿ ಏನು? ಹಸಿ ಮರವೂ ಕರೆಂಟ್ ಬಿಡುತ್ತದೆ.

ಶುಶ್ರೂಷಕಿ, ಹೊಳಲ್ಕೆರೆ

ಅವಘಡ ಆಗಿಬಿಟ್ಟರೆ ಏನು ಮಾಡಬೇಕು ಎಂಬುದನ್ನು ಯಾರೂ ಬರೆದಿಲ್ಲ. ಮನೆಯ ಕರೆಂಟ್ ತಗುಲಿದರೆ ಸ್ವಿಚ್ ಆರಿಸಿ, ಆಗದಿದ್ದರೆ ಒಣ ಕೋಲಿನಿಂದ ಬಿಡಿಸಬಹುದು. 11 ಕೆವಿ ಲೈನಿಗೆ ಇದು ಸಲ್ಲದು. ಕೋಲು ಹಿಡಿದೂ ಹತ್ತಿರ ಹೋಗಬೇಡಿ. ಬಿಡಿಸಲು ಹೋದವರೂ ಸಾಯುತ್ತಾರೆ. ವಿದ್ಯುತ್ ಸಹಾಯವಾಣಿ 1912ಕ್ಕೂ ಊರಿನ ಪವರ್‌ಮ್ಯಾನ್‌ಗೂ ಫೋನ್ ಮಾಡಿ ಲೈನಿನ ಕರೆಂಟ್ ತೆಗೆಸಿ, ಇನ್ನೊಬ್ಬರು ಆಂಬುಲೆನ್ಸಿಗೆ 108ಕ್ಕೆ ಮಾಡಲಿ. ಲೈನ್ ತೆಗೆದದ್ದು ಖಚಿತವಾದ ಮೇಲೆ ಉಸಿರು ನೋಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಸುಮಾರು 5 ಸೆಂ.ಮೀ. ಆಳಕ್ಕೆ ಒತ್ತುತ್ತಿರಿ, ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ಮಣ್ಣಿನಲ್ಲಿ ಹುದುಗಿಸುವುದು, ಬಾಯಿಗೆ ನೀರು ಹಾಕುವುದು ಯಾವುದೂ ಬೇಡ. ಎದ್ದು ನಡೆದಾಡಿದರೂ ಆಸ್ಪತ್ರೆಗೆ ಕರೆತಂದು ಇಸಿಜಿ ಮಾಡಿಸಲೇಬೇಕು. ಚರ್ಮದ ಮೇಲೆ ಸಣ್ಣ ಕಲೆ ಕಂಡರೂ ಒಳಗಿನ ಮಾಂಸಖಂಡ ಸುಟ್ಟಿರಬಹುದು.

ತೋಟದವಳು, ಸಂತೆಬೆನ್ನೂರು ಹತ್ತಿರ

ಎಲ್ಲರಿಗೂ ಧನ್ಯವಾದ. ಗೋಡೆ ಗಡಿಯಾರದ ಹಳೆಯ ಸೆಲ್ ಒಡೆದು ಅವರ ಮುಂದೆ ಇಟ್ಟೆ. ಕಪ್ಪು ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಮಾತಾಡಲಿಲ್ಲ. ಸಂಜೆ ತಂಡದವರನ್ನೆಲ್ಲ ಮನೆಗೆ ಕರೆಸಿ ಇಲ್ಲಿನ ಉತ್ತರಗಳನ್ನು ಓದಿಸಿದ್ದೇನೆ. ಆ ಮೂಲೆಯನ್ನು ಸದ್ಯಕ್ಕೆ ಬಿಡುವುದೆಂದು ಆಗಿದೆ. ಈಗ ತೋಟದ ಯಜಮಾನರು, ಪ್ರತಿ ವರ್ಷ ಅರ್ಜಿ ಹಿಡಿದು ಓಡಾಡುವ ಬದಲು ಲೈನನ್ನೇ ಬೇರೆ ಕಡೆಗೆ ಹಾಕಿಸಬಹುದೇ ಎಂದು ಕೇಳುತ್ತಿದ್ದಾರೆ.

ನಿವೃತ್ತ ಲೈನ್‌ಮನ್, ಚನ್ನಗಿರಿ

ಹಾಕಿಸಬಹುದು. ಆದರೆ ಅಂದಾಜು ಪಟ್ಟಿ ಮಾಡಿಸಿ ಖರ್ಚನ್ನು ಕೇಳಿದವರೇ ಕಟ್ಟಬೇಕಾಗುತ್ತದೆ. ಹೊಸ ದಾರಿಯಲ್ಲಿ ಬರುವ ಜಮೀನಿನವರೂ ಒಪ್ಪಬೇಕು. ಅದಕ್ಕಿಂತ ಅಗ್ಗದ ದಾರಿ ಎಂದರೆ, ತಂತಿಯ ಕೆಳಗಿನ ಅಡಿಕೆಯನ್ನು ತೆಗೆದು ಪೊದೆ ಮೆಣಸನ್ನೋ ನಿಂಬೆಯನ್ನೋ ಹಾಕುವುದು. ಫಲ ಬಿಡುವ ಮರ ಕಡಿಯಿರಿ ಎಂದರೆ ಯಜಮಾನರಿಗೆ ಕೋಪ ಬರುತ್ತದೆ, ಗೊತ್ತು. ಲೈನ್ ಮೊದಲು ಬಂದದ್ದೋ ಸಸಿ ಮೊದಲು ನೆಟ್ಟದ್ದೋ ಎಂದು ಅವರನ್ನೇ ಕೇಳು.

ಈ ವರ್ಷದ ಲೈನ್ ಕ್ಲಿಯರ್ ಅರ್ಜಿಯಲ್ಲಿ ಪಂಪ್‌ಸೆಟ್ಟಿನ ಆರ್‌ಆರ್ ಸಂಖ್ಯೆ (ವಿದ್ಯುತ್ ಸಂಪರ್ಕದ ಸಂಖ್ಯೆ), ಸರ್ವೆ ನಂಬರ್, ಹತ್ತಿರದ ಟ್ರಾನ್ಸ್‌ಫಾರ್ಮರ್ ಯಾವುದು ಎಂದು ಬರೆಯಿರಿ. "ನಮ್ಮ ತೋಟದ ಲೈನ್" ಎಂದಷ್ಟೇ ಬರೆದರೆ ಸಬ್‌ಸ್ಟೇಷನ್ನಿನಿಂದ ಹೊರಡುವ ಯಾವ ಲೈನ್ (ಫೀಡರ್) ಬಂದ್ ಮಾಡಬೇಕೆಂದು ಅಲ್ಲಿರುವವರಿಗೆ ತಿಳಿಯುವುದಿಲ್ಲ.