ಬಾಯಾರಿನ ಸುರಂಗ, ದುಬೈಯ ನಲ್ಲಿ

ಅಕ್ಕಾ, ಭೂಮಿಯಲ್ಲಿ ಸಿಹಿನೀರು ಕಡಿಮೆ ಅಂತ ಆರು ವರ್ಷದ ಮಗಳಿಗೆ ಹೇಗೆ ಹೇಳೋದು ಎಂದು ಕೇಳಿದ್ದೀರಲ್ಲ, ನಾನು ಬಕೆಟ್ಟಿನಿಂದ ಶುರುಮಾಡಿ ಸೋತವನು.

ಲೆಕ್ಕ ಸುಲಭ. ಭೂಮಿಯ ನೀರೆಲ್ಲ 20 ಲೀಟರಿನ ಒಂದು ಬಕೆಟ್ಟು ಅಂತಿಟ್ಟುಕೊಳ್ಳಿ. 19.5 ಲೀಟರು ಉಪ್ಪುನೀರು. ಉಳಿದ ಅರ್ಧ ಲೀಟರಿನಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹಿಮ, ಮಿಕ್ಕಿದ್ದು ಬಹುಪಾಲು ನೆಲದಡಿ. ಹೊಳೆ, ಕೆರೆ, ಸರೋವರ ಎಲ್ಲ ಸೇರಿ ಸುಮಾರು ಕಾಲು ಟೀ ಚಮಚ. ಮಗ ಚಮಚ ನೋಡಿದ. "ನಮ್ಮ ನಲ್ಲೀಲಿ ಬರೋದು ಸಮುದ್ರದ್ದೇ ಅಲ್ವಾ? ಅದು ಬಕೆಟ್ ತುಂಬ ಇದೆಯಲ್ಲ" ಅಂದ. ದುಬೈಯಲ್ಲಿ ಹುಟ್ಟಿದವನು, ಹೇಳಿದ್ದು ತಪ್ಪೂ ಅಲ್ಲ. ಉಪ್ಪು ತೆಗೆಯಲಿಕ್ಕೆ ಎಷ್ಟು ಕರೆಂಟು ಬೇಕು ಅಂತ ನಾನು ಶುರುಮಾಡುವಷ್ಟರಲ್ಲಿ ಎದ್ದು ಹೋಗಿದ್ದ.

ಏಪ್ರಿಲ್‌ನಲ್ಲಿ ಊರಿಗೆ ಹೋದೆವು. ನಮ್ಮದು ಕಾಸರಗೋಡಿನ ಬಾಯಾರು ಕಡೆ. ಅಲ್ಲಿ ನೀರೆಂದರೆ ಸುರಂಗ. ಗುಡ್ಡೆಯ ಮುರಕಲ್ಲನ್ನು (ಜಂಬಿಟ್ಟಿಗೆ ಕಲ್ಲು) ಅಡ್ಡಕ್ಕೆ ಕೊರೆದ ಕಿರಿದಾದ ಗವಿ. ಪಂಪು ಬೇಡ, ಒಸರು ತಾನಾಗಿ ಹರಿದು ಬರ್ತದೆ. ಉದ್ದವನ್ನು ಈಗಲೂ ಕೋಲಿನಲ್ಲೇ ಹೇಳ್ತಾರೆ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ, ನಮ್ಮದು 60 ಕೋಲು. ಬೇಸಿಗೆಯಲ್ಲಿ ನೀರು ಹಾಯಿಸುವ ಅಡಿಕೆಮರದ ದಂಬೆಯ ತುದಿಯಿಂದ ನೂಲಿನಷ್ಟು ನೀರು. ಸ್ನಾನ ಮಾಡ್ತೇನೆ ಅಂತ ಹಟ ಹಿಡಿದವನನ್ನು ಅಪ್ಪ ಕೊಡಪಾನದ ಪಕ್ಕ ಕೂರಿಸಿದರು. "ರಜ ತಡೆ ಪುಳ್ಳೀ, ಗುಡ್ಡೆ ಕೊಡೆಕಲ್ಲದೋ." ಸ್ವಲ್ಪ ಕಾಯಿ, ಗುಡ್ಡೆ ಕೊಡಬೇಕಲ್ಲ ಅಂತ. ನನ್ನ ಮೊಬೈಲಿನಲ್ಲಿ ಅವನೇ ಸಮಯ ನೋಡಿದ: 14 ನಿಮಿಷಕ್ಕೆ ಒಂದು ಕೊಡಪಾನ. ಮರುದಿನ ಹಲ್ಲುಜ್ಜುವಾಗ ಲೋಟ ಹಿಡಿದು ಬಂದ, ಯಾರೂ ಹೇಳಿರಲಿಲ್ಲ.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಈ ಅವಸ್ಥೆ! ಹೆಚ್ಚಿನದು ಮಳೆಗಾಲದ ನಾಲ್ಕೇ ತಿಂಗಳಲ್ಲಿ ಬಿದ್ದು, ಇಳಿಜಾರಿನಲ್ಲಿ ಓಡಿ ಕಡಲು ಸೇರ್ತದೆ.

ವಾಪಸು ಹೊರಡುವ ಮುನ್ನ ಕಾಸರಗೋಡು ಪೇಟೆಯ ಚಿಕ್ಕಮ್ಮನಲ್ಲಿಗೆ ಹೋದಾಗ ಹಳೆಯ ಮಾತು ಬಂತು. ಪೇಟೆಯ ನಲ್ಲಿಗೆ ನೀರು ಬರುವ ಚಂದ್ರಗಿರಿ ಹೊಳೆ ಬತ್ತಿದರೆ ಸಮುದ್ರ ಒಳಗೆ ಏರಿ, ಬೇಸಿಗೆಯಲ್ಲಿ ನಲ್ಲಿ ನೀರೇ ಉಪ್ಪಾಗ್ತಿತ್ತು. ಅಕ್ಕಿ ಬೇಯಿಸಲಿಕ್ಕೆ ಬೇರೆ ಮನೆಯ ಬಾವಿಗೆ ಹೋಗ್ಬೇಕಿತ್ತು. ಮಗ ಉಂಡೆ ತಿನ್ನುತ್ತಿದ್ದವನು ತಲೆ ಎತ್ತಿ, "ಹಾಗಾದ್ರೆ ಬಕೆಟ್ಟು ಚಮಚದೊಳಗೆ ಬಂತಾ?" ಅಂತ ಕೇಳಿದ.

ನೀವೂ ಬಕೆಟ್ಟು ಇಡುವುದಿದ್ದರೆ ನೀರಿಗೆ ನಿಜವಾಗಿ ಉಪ್ಪು ಹಾಕಿ, ಅಕ್ಕಾ. ಸಮುದ್ರದಷ್ಟೇ ಆಗ್ಬೇಕಾದರೆ ಲೀಟರಿಗೆ 35 ಗ್ರಾಂ. ಒಂದು ಹನಿ ನಾಲಿಗೆಗೆ ಮುಟ್ಟಿಸಿ ನೋಡಿ. ನಾನು ಬರೀ ನಲ್ಲಿ ನೀರಿಟ್ಟು ಉಪ್ಪು ಅಂತ ಹೇಳಿದ್ದೆ.