ನಿಶ್ಚಿತಾರ್ಥದ ಉಂಗುರ: ಅಮ್ಮನಿಗೆ 22 ಕ್ಯಾರೆಟ್ ಬೇಕು, ಹುಡುಗಿಗೆ ಒಂಟಿ ಕಲ್ಲು ಬೇಕು

ಬದಿಯಡ್ಕದವ:
ಎಲ್ಲರಿಗೂ ನಮಸ್ಕಾರ. ದೀಪಾವಳಿ ಕಳೆದ ಮೇಲೆ ನನ್ನ ನಿಶ್ಚಿತಾರ್ಥ. ಹುಡುಗಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಈಗ ಮನೆಯಲ್ಲಿ ಉಂಗುರದ್ದೇ ಪಂಚಾಯಿತಿ. ಅಮ್ಮ ಹೇಳುವುದು 22 ಕ್ಯಾರೆಟ್, ಅರ್ಧ ಪವನಿಗೆ (4 ಗ್ರಾಂ) ಕಡಿಮೆ ಇರಬಾರದು, ಕಲ್ಲು ಗಿಲ್ಲು ಏನೂ ಬೇಡ, ನಾಳೆ ಕಷ್ಟ ಬಂದರೆ ಕಲ್ಲನ್ನು ಯಾರು ಅಡವಿಟ್ಟುಕೊಳ್ಳುತ್ತಾರೆ ಅಂತ. ಮಾವ ಬೇರೆಯೇ, ಪಯ್ಯನ್ನೂರಿನ ಪವಿತ್ರದುಂಗುರ ಮಾಡಿಸು, ಒಳ್ಳೆಯದು ಅಂತಾರೆ. ಹುಡುಗಿ ಹತ್ರ ಕೇಳಿದರೆ "ನಿಮಗೆ ಇಷ್ಟ ಆದದ್ದು ತನ್ನಿ" ಅಂತಾಳೆ, ಆದರೆ ಮೊನ್ನೆ ಸುಮ್ನೆ ಅಂತ ಒಂದು ಫೋಟೋ ಕಳಿಸಿದ್ದಳು, ಒಂಟಿ ವಜ್ರ, ಎತ್ತರಕ್ಕೆ ಎದ್ದು ನಿಂತ ಹಾಗೆ. ಹೇಳಿದ ಹಾಗೂ ಆಯ್ತು, ಹೇಳದ ಹಾಗೂ ಆಯ್ತು ಅಲ್ವಾ.

ಬಜೆಟ್ ಅರ್ಧ ಪವನಿನ ಉಂಗುರಕ್ಕೆ ಎಷ್ಟಾಗ್ತದೋ ಅಷ್ಟು, ಮೇಲೆ ಸ್ವಲ್ಪ. ಯಾವ ತರದ್ದು ತಗೊಳ್ಳಲಿ? ಕಾಸರಗೋಡಿನಲ್ಲಿ ತಗೊಳ್ಳಲಾ, ಮಂಗಳೂರಿಗೆ ಹೋಗಲಾ? ಮತ್ತೆ ಅವಳಿಗೆ ಗೊತ್ತಾಗದ ಹಾಗೆ ಸೈಜ್ ಹೇಗೆ ನೋಡುವುದು?

ನುಳ್ಳಿಪ್ಪಾಡಿ ಅಕ್ಕ:
ತಮ್ಮಾ, ನಾನೂ ನರ್ಸೇ. ಬೇರೆ ಯಾವುದನ್ನು ನೋಡುವ ಮೊದಲು ಅವಳ ಕೆಲಸ ನೋಡು. ಎತ್ತರದ ಕಲ್ಲು ಫೋಟೋದಲ್ಲಿ ಚಂದ. ಡ್ಯೂಟಿಯಲ್ಲಿ ಗ್ಲೌಸ್ ಹಾಕುವಾಗ ಕಲ್ಲನ್ನು ಹಿಡಿದಿರುವ ಕೊಕ್ಕೆ ತಾಗಿ ಗ್ಲೌಸ್ ಹರಿಯುತ್ತದೆ. ಗಾಜ್ ಬಟ್ಟೆಯ ನೂಲು ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಏನೆಂದರೆ, ಉಂಗುರ ಸ್ವಲ್ಪ ಸಡಿಲ ಇದ್ದರೆ ಗ್ಲೌಸ್ ಎಳೆಯುವಾಗ ಅದರ ಜೊತೆಗೇ ಕಳಚಿ ಬರುತ್ತದೆ, ಗ್ಲೌಸ್ ನೇರ ಆಸ್ಪತ್ರೆ ಕಸದ ಕೆಂಪು ಚೀಲಕ್ಕೆ. ಆಮೇಲೆ ಆ ಚೀಲಕ್ಕೆ ಕೈ ಹಾಕಿ ಹುಡುಕುವವರು ಯಾರು ಹೇಳು. ಕಲ್ಲಿನ ಅಡಿಯಲ್ಲಿ ಕೊಳೆ ಕೂರುತ್ತದೆ ಅಂತ ಐಸಿಯು, ಥಿಯೇಟರ್‌ನಲ್ಲೆಲ್ಲ ಹೆಚ್ಚಾಗಿ ಕಲ್ಲಿನ ಉಂಗುರಕ್ಕೆ ಬಿಡುವುದೇ ಇಲ್ಲ. ಕೆಲವು ಕಡೆ ಸಾದಾ ಬಳೆಯಂಥ ಉಂಗುರ ಆದೀತು, ಕೆಲವು ಕಡೆ ಅದೂ ಇಲ್ಲ.

ಹಾಗಂತ ವಜ್ರ ಬೇಡ ಅಂತ ನಾನು ಹೇಳ್ತಾ ಇಲ್ಲ, ಅವಳಿಗೆ ಆಸೆ ಉಂಟಲ್ಲ. ಕಲ್ಲು ತಗ್ಗಿನಲ್ಲಿ ಕೂತಿರಬೇಕು, ಸುತ್ತ ಚಿನ್ನದ ಅಂಚು ಕಟ್ಟಿರಬೇಕು. ಅಂಗಡಿಯಲ್ಲಿ ಬೆಜಲ್ ಅಂತ ಕೇಳು, ತೋರಿಸುತ್ತಾರೆ. ಬೆರಳನ್ನು ಅದರ ಮೇಲೆ ಹಾಗೇ ಸವರಿ ನೋಡು, ಎಲ್ಲೂ ತಡೆಯಬಾರದು. ಇಲ್ಲದಿದ್ದರೆ ಅವಳು ನಿಶ್ಚಿತಾರ್ಥದ ದಿನ ಹಾಕಿ ಮರುದಿನ ಕಪಾಟಿನಲ್ಲಿ ಇಡುತ್ತಾಳೆ, ನೀನು ಬೇಜಾರು ಮಾಡಿಕೊಳ್ಳುತ್ತೀ. ಇನ್ನೊಂದು, ಸ್ಯಾನಿಟೈಸರಿನಿಂದ ಚಿನ್ನಕ್ಕೆ ಏನೂ ಆಗುವುದಿಲ್ಲ. ಬ್ಲೀಚ್, ಹೈಪೋಕ್ಲೋರೈಟ್ ಮಾತ್ರ ಚಿನ್ನಕ್ಕೆ ಒಳ್ಳೆಯದಲ್ಲ, 18 ಕ್ಯಾರೆಟಿಗೆ ಅದು ಇನ್ನೂ ಕೆಟ್ಟದ್ದು. ಅದನ್ನು ಮುಟ್ಟುವಾಗ ತೆಗೆದಿಡಲೇಬೇಕು.

ಅಂಗಡಿ ಕೌಂಟರಿನವ:
ಹದಿನಾಲ್ಕು ವರ್ಷದಿಂದ ಚಿನ್ನದಂಗಡಿಯಲ್ಲಿ ಕೆಲಸ ಮಾಡುವವ ನಾನು, ಯಾವ ಅಂಗಡಿ ಅಂತ ಕೇಳಬೇಡಿ. ಅಕ್ಕ ಹೇಳಿದ್ದು ಸರಿ. ಚಿನ್ನದ ಲೆಕ್ಕ ಮಾತ್ರ ನಾನು ಹೇಳುತ್ತೇನೆ.

22 ಕ್ಯಾರೆಟ್ ಅಂದರೆ 91.6 ಶೇಕಡಾ ಚಿನ್ನ, ಅದಕ್ಕೇ 916. ಮೆತ್ತಗೆ ಇರುತ್ತದೆ. ಸಾದಾ ಉಂಗುರಕ್ಕೆ ಅದೇ ಚಂದ, ಬಣ್ಣವೂ ಅದಕ್ಕೇ ಜಾಸ್ತಿ. ಆದರೆ ನಾಲ್ಕು ಸಪೂರ ಕೊಕ್ಕೆಯಲ್ಲಿ ವಜ್ರ ನಿಲ್ಲಿಸುವುದಾದರೆ ಕೊಕ್ಕೆ ಬಗ್ಗುತ್ತದೆ, ಕಲ್ಲು ಬೀಳುತ್ತದೆ. ಅದಕ್ಕೇ ವಜ್ರದ ಉಂಗುರ ಹೆಚ್ಚಾಗಿ 18 ಕ್ಯಾರೆಟಿನಲ್ಲೇ ಬರುವುದು, ಅದರ ಮುದ್ರೆ 750. ನಿಮ್ಮ ಅಮ್ಮನಿಗೆ ಹೀಗೆ ಹೇಳಿ: ಅರ್ಧ ಪವನ್ ಅಂದರೆ 4 ಗ್ರಾಂ, 22ರದ್ದಾದರೆ ಅದರಲ್ಲಿ ಅಪ್ಪಟ ಚಿನ್ನ ಸುಮಾರು 3.66 ಗ್ರಾಂ, 18ರದ್ದಾದರೆ 3 ಗ್ರಾಂ. 18ಕ್ಕೆ ರೇಟೂ ಬೇರೆ, ಕಡಿಮೆಯೇ ಹಾಕುತ್ತಾರೆ. ಮೋಸ ಏನಿಲ್ಲ. ಅಮ್ಮ ಒಪ್ಪುವುದೇ ಇಲ್ಲ ಅಂತಾದರೆ 22ರಲ್ಲೇ ಅಂಚು ಕಟ್ಟಿ ಸಣ್ಣ ಕಲ್ಲು ಕೂರಿಸಬಹುದು. ಅಜ್ಜಿಯಂದಿರ ಬೆಂಡೋಲೆಯಲ್ಲಿ ಕಲ್ಲು ನಿಂತದ್ದು ಹಾಗೆಯೇ ಅಲ್ವಾ. ಒಳ್ಳೆಯ ಆಚಾರಿ ಸಿಗಬೇಕು ಅಷ್ಟೇ.

ವೈಟ್ ಗೋಲ್ಡ್ ತೋರಿಸಿದರೆ ಒಂದು ವಿಷಯ ಗೊತ್ತಿರಲಿ, ಆ ಬೆಳ್ಳಗಿನ ಹೊಳಪು ಮೇಲಿನ ರೋಡಿಯಂ ಲೇಪದ್ದು. ದಿನಾ ಹಾಕಿದರೆ ಸವೆದು ಒಳಗಿನ ಹಳದಿ ಕಾಣಿಸುತ್ತದೆ, ಪುನಃ ಲೇಪ ಕೊಡಿಸಬೇಕು. ನನ್ನ ಕೇಳಿದರೆ ದಿನಾ ಹತ್ತಾರು ಸಲ ಕೈ ತೊಳೆಯುವವರಿಗೆ ಹಳದಿ ಚಿನ್ನವೇ ಸಾಕು.

ತೂಕ ಮಾಡುವಾಗ ಕಲ್ಲಿನ ತೂಕ ಕಳೆದು ಚಿನ್ನದ ತೂಕ ಎಷ್ಟು ಅಂತ ಬಿಲ್ಲಿನಲ್ಲಿ ಬೇರೆಯೇ ಬರೆಸಿ. ವಜ್ರದಲ್ಲಿ ಕ್ಯಾರೆಟ್ ಅಂದರೆ ಶುದ್ಧತೆ ಅಲ್ಲ, ತೂಕ, 1 ಕ್ಯಾರೆಟ್ ಅಂದರೆ 0.2 ಗ್ರಾಂ. ಮುದ್ರೆಯಲ್ಲಿ ಮೂರು ಇರಬೇಕು, ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, 916 ಅಥವಾ 750, ಮತ್ತೆ ಆ ಒಡವೆಗೇ ಕೊಟ್ಟ ಆರು ಅಕ್ಷರ-ಅಂಕೆಯ ನಂಬರ್ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಅದಿಲ್ಲದೆ ಮಾರುವ ಹಾಗಿಲ್ಲ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿ ಅಂಗಡಿಯಲ್ಲೇ ನೋಡಿ, ಯಾರೂ ಏನೂ ಅನ್ನುವುದಿಲ್ಲ. ಆದರೆ 2 ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ಈ ನಿಯಮ ಇಲ್ಲ. ಸಪೂರದ ಉಂಗುರ ತಗೊಳ್ಳುವವರು ಅಲ್ಲಿ ಜಾಗ್ರತೆ.

ಗಡಿಯವ:
ಮಂಗಳೂರಿಗೆ ಹೋದರೆ ಕಡಿಮೆ ಅನ್ನುವುದು ಇನ್ನೂ ಬಿಟ್ಟಿಲ್ಲವಾ ಮಾರಾಯ್ರೆ? ಕೇರಳದಲ್ಲಿ ಪ್ರವಾಹದ ಸೆಸ್ ಇದ್ದಾಗ ಚಿನ್ನಕ್ಕೆ ಕಾಲು ಶೇಕಡಾ ಜಾಸ್ತಿ ಇತ್ತು, ಅದು 2021ರ ಜುಲೈಗೆ ಮುಗಿಯಿತು. ಈಗ ಎರಡೂ ಕಡೆ ಜಿಎಸ್‌ಟಿ 3 ಶೇಕಡಾ. ದಿನದ ರೇಟಿನಲ್ಲಿ ಅಷ್ಟಿಷ್ಟು ಹೆಚ್ಚುಕಡಿಮೆ ಇರುತ್ತದೆ, ಅದು ತಲಪಾಡಿ ಗಡಿ ದಾಟುವ ಪೆಟ್ರೋಲಿಗೆ ಸರಿ ಹೋಗುತ್ತದೆ. ಚೌಕಾಶಿ ಮಾಡಬೇಕಾದ್ದು ಪಣಿಕೂಲಿಯಲ್ಲಿ, ಅಂದರೆ ಒಡವೆ ಮಾಡಿದ ಕೂಲಿಯಲ್ಲಿ. ನಾಲ್ಕು ಅಂಗಡಿ ಸುತ್ತಿ, ಒಂದೇ ಡಿಸೈನಿಗೆ ಎಷ್ಟು ಶೇಕಡಾ ಹಾಕುತ್ತಾರೆ ಕೇಳಿ. ಆಮೇಲೆ ಏನಾದರೂ ಸರಿಮಾಡಿಸಲು ಹೋಗಬೇಕಲ್ಲ, ಹತ್ತಿರದ ಅಂಗಡಿಯೇ ವಾಸಿ. ಅವಳಿರುವುದೇ ಮಂಗಳೂರಿನಲ್ಲಿ ಅಂತಾದರೆ ಆ ಮಾತು ಬೇರೆ.

ನೀರ್ಚಾಲು ಭಾವ:
ಪವಿತ್ರದುಂಗುರದ ಬಗ್ಗೆ ಒಂದು ಮಾತು. ಅದು ಪೂಜೆಯಲ್ಲಿ ಬೆರಳಿಗೆ ಹಾಕುವ ದರ್ಭೆಯ ಪವಿತ್ರದ ಆಕಾರದ್ದು, ಪಯ್ಯನ್ನೂರು ಸುಬ್ರಹ್ಮಣ್ಯ ದೇವಸ್ಥಾನದ ಜೊತೆ ಸಂಬಂಧ ಇರುವಂಥದ್ದು. ಬಲಗೈ ಉಂಗುರ ಬೆರಳಿಗೆ ಹಾಕುವುದು. ಅದನ್ನು ಹಾಕಿದವರು ಮಾಂಸ, ಮದ್ಯ ಬಿಡಬೇಕು ಅಂತ ನಂಬಿಕೆ ಉಂಟು. ಕೆಲಸದ ಸೂಕ್ಷ್ಮ ನೋಡಿದರೆ ಕಣ್ಣು ತುಂಬುತ್ತದೆ, ಒಪ್ಪುತ್ತೇನೆ. ಆದರೆ ಆ ಹುಡುಗಿ ಮನೆಯಲ್ಲಿ ಮೀನು ತಿನ್ನುವವರಾದರೆ ಅವಳ ಕೈಗೆ ಯಾಕೆ ಅದು? ಮಾವನಿಗೆ ಅಷ್ಟು ಆಸೆ ಇದ್ದರೆ ಮಾವನೇ ಹಾಕಲಿ.

ಬದಿಯಡ್ಕದವ:
ಭಾವಾ, ಇದನ್ನು ಮಾವನಿಗೆ ಓದಿ ಹೇಳುವ ಧೈರ್ಯ ನನಗಿಲ್ಲ 😄 ಅವರ ಮನೆಯಲ್ಲಿ ಮೀನಿಲ್ಲದೆ ಊಟ ಇಲ್ಲ. ಅಕ್ಕ ಹೇಳಿದ ಗ್ಲೌಸ್ ವಿಷಯ ನನ್ನ ತಲೆಗೇ ಹೋಗಿರಲಿಲ್ಲ. ತಗ್ಗಿನ ಕಲ್ಲು, ಹಳದಿ ಚಿನ್ನ, 18 ಕ್ಯಾರೆಟ್ ಅಂತ ಅಮ್ಮನ ಹತ್ರ ಮಾತಾಡಿದೆ. "ಕರಿಮಣಿ ಮಾತ್ರ 22ರದ್ದೇ ಆಗಬೇಕು" ಅಂದರು, ಅಂದರೆ ಒಪ್ಪಿದ ಹಾಗೆ. ಅಂಗಡಿಯವರು ಲ್ಯಾಬಿನಲ್ಲಿ ಮಾಡಿದ ವಜ್ರ ತೋರಿಸಿದರು, ಬೆಲೆ ತುಂಬಾ ಕಡಿಮೆ. ಅದು ನಕಲಿಯಾ? ಸೈಜ್ ವಿಷಯ ಇನ್ನೂ ಯಾರೂ ಹೇಳಲಿಲ್ಲ.

ಅಂಗಡಿ ಕೌಂಟರಿನವ:
ನಕಲಿ ಅಲ್ಲ. ಅದೂ ಇಂಗಾಲವೇ, ಗಟ್ಟಿತನವೂ ಅಷ್ಟೇ, ಬರಿಗಣ್ಣಿಗೆ ನನಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ವಾಪಸ್ ಕೊಡಲು ಹೋದರೆ ಅದಕ್ಕೆ ಬೆಲೆ ಸಿಗುತ್ತದೆ ಅಂತ ನಂಬಬೇಡಿ. ಹಾಕಿಕೊಳ್ಳಲಿಕ್ಕೆ ಅಂತಾದರೆ ತಗೊಳ್ಳಿ, ಸರ್ಟಿಫಿಕೇಟಿನಲ್ಲಿ ಲ್ಯಾಬ್ ಗ್ರೋನ್ ಅಂತ ಸ್ಪಷ್ಟ ಬರೆದಿರಬೇಕು. ಗಣಿಯದ್ದೇ ಬೇಕಾದರೆ 20 ಸೆಂಟಿನ (0.20 ಕ್ಯಾರೆಟ್) ಕಲ್ಲು ಹೆಚ್ಚುಕಡಿಮೆ 3.8 ಮಿಲಿಮೀಟರ್ ಅಗಲ ಬರುತ್ತದೆ, ಅಂಚು ಕಟ್ಟಿದಾಗ ಸ್ವಲ್ಪ ದೊಡ್ಡದೇ ಕಾಣುತ್ತದೆ. ವಿವಿಎಸ್, ವಿಎಸ್ ಅಂದರೆ ಕಲ್ಲು ಒಳಗೆ ಎಷ್ಟು ಸ್ವಚ್ಛ ಅನ್ನುವ ದರ್ಜೆ, ವಿವಿಎಸ್ ಮೇಲಿನದ್ದು. ಇಷ್ಟು ಸಣ್ಣದರಲ್ಲಿ ವಿವಿಎಸ್‌ಗೆ ದುಡ್ಡು ಸುರಿಯುವುದು ದಂಡ, ವಿಎಸ್ ಸಾಕು. ಕಟಿಂಗ್ ಮಾತ್ರ ಒಳ್ಳೆಯದಿರಲಿ, ಹೊಳಪು ಬರುವುದು ಅದರಿಂದ.

ಸೈಜಿಗೆ ಅವಳ ತಂಗಿಯನ್ನೋ ಅಮ್ಮನನ್ನೋ ಹಿಡಿಯಿರಿ. ಅವಳು ಅದೇ ಬೆರಳಿಗೆ ಹಾಕುವ ಉಂಗುರ ಒಂದು ತರಿಸಿ, ಬೇರೆ ಬೆರಳಿನದ್ದು ಆಗುವುದಿಲ್ಲ. ಒಳಸುತ್ತು ಎಷ್ಟು ಮಿಲಿಮೀಟರ್ ಅಂತ ಅಳೆದು ಅದರಲ್ಲಿ 40 ಕಳೆದರೆ ನಮ್ಮ ಅಂಗಡಿಗಳ ನಂಬರ್ ಬರುತ್ತದೆ, 52 ಇದ್ದರೆ 12. ಬೆರಳನ್ನೇ ಅಳೆಯುವುದಾದರೆ ಸಂಜೆ ಅಳೆಯಿರಿ, ಸೆಕೆಗೆ ಬೆರಳು ಸ್ವಲ್ಪ ಊದಿರುತ್ತದೆ. ಸುತ್ತಲೂ ಕಲ್ಲಿರುವ ಬ್ಯಾಂಡ್ ತಗೊಂಡರೆ ಮತ್ತೆ ಸೈಜ್ ಬದಲಿಸಲು ಆಗುವುದಿಲ್ಲ ಅಂತಲೇ ತಿಳಿದುಕೊಳ್ಳಿ. ಒಳಗೆ ಹೆಸರು ಕೆತ್ತಿಸುವುದಾದರೆ ಸೈಜ್ ಸರಿಯಾಗಿದೆ ಅಂತ ಖಾತ್ರಿ ಆದ ಮೇಲೆ ಕೆತ್ತಿಸಿ, ಎಚ್‌ಯುಐಡಿ ಇರುವ ಜಾಗ ಬಿಟ್ಟು.

ನುಳ್ಳಿಪ್ಪಾಡಿ ಅಕ್ಕ:
ತಂಗಿಯನ್ನು ಹಿಡಿದರೆ ಅದೇ ರಾತ್ರಿ ಅಕ್ಕನಿಗೆ ಸುದ್ದಿ ಮುಟ್ಟುತ್ತದೆ, ನೋಡ್ತಾ ಇರು. ಅದಕ್ಕಿಂತ ಒಂದು ರಜಾ ದಿನ ಅವಳನ್ನೇ ಅಂಗಡಿಗೆ ಕರೆದುಕೊಂಡು ಹೋಗು. ನೈಟ್ ಡ್ಯೂಟಿ ಮುಗಿಸಿ ಬಂದ ದಿನ ಮಾತ್ರ ಬೇಡ, ನಿದ್ದೆ ಬರುತ್ತಾ ಇದ್ದರೆ ಯಾವುದು ತೋರಿಸಿದರೂ "ಆಯ್ತು" ಅಂತಾಳೆ.